ನಾಳಿನ ಮಳೆ

ನಾಳೆ ಏನಾಗುವುದೆಂದು ಅರಿಯುವ ಹಂಬಲ ಮನುಷ್ಯನಿಗೆ ಸಹಜವಾದುದು. ಕೆಲವು ಸಂಗತಿಗಳನ್ನು ಅವನು ಬಹಳ ಮುಂಚಿತವಾಗಿಯೇ ಹೇಳಬಲ್ಲನು. 1682ರಲ್ಲಿ ಕಂಡ ಧೂಮಕೇತುವು 1758ರಲ್ಲಿ ಮರಳಿ ಬರುವುದೆಂದು ಎಡ್ಮಂಡ್ ಹ್ಯಾಲಿ ಎಂಬ ಆಂಗ್ಲ ಖಗೋಳವಿಜ್ಞಾನಿ 1705ರಲ್ಲಿಯೇ ಬರೆದನು. 1742ರಲ್ಲಿ ಅವನು ತೀರಿಕೊಂಡನು. ಧೂಮಕೇತುವು ಮಾತಿಗೆ ತಪ್ಪದೆ 1758ರ ಡಿಸೆಂಬರಿನಲ್ಲಿ ಕಾಣಿಸಿಕೊಂಡಿತು. ನೂರು ವರ್ಷಗಳ ಅನಂತರದ ಗ್ರಹಣವನ್ನೂ ನಾವು ಇಂದೇ ಲೆಕ್ಕಹಾಕಬಲ್ಲೆವು. ಆದರೆ ಮುಂದಿನ ತಿಂಗಳು ನಮ್ಮೂರಿನ ಕೆರೆ ತುಂಬುವುದೇ ಎಂದು ಕೇಳಿದರೆ ಯಾರೂ ಖಚಿತವಾಗಿ ಹೇಳಲಾರರು. ಇದೇಕೆ?

ಆಕಾಶಕಾಯಗಳ ಚಲನೆಯನ್ನು ಬಹುಮಟ್ಟಿಗೆ ಗುರುತ್ವಾಕರ್ಷಣೆಯೊಂದೇ ನಿಯಂತ್ರಿಸುತ್ತದೆ. ಮಳೆಗಾದರೋ ಕಡಲಿನ ಬಿಸುಪು, ಗಾಳಿಯ ದಿಕ್ಕು, ನೆಲದ ತೇವ ಮುಂತಾದ ಅನೇಕ ಕಾರಣಗಳು ಕೂಡಿಬರಬೇಕು. ಒಂದು ಬದಲಾದರೆ ಉಳಿದವೂ ಬದಲಾಗುತ್ತವೆ. 1961ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವೆಯ ಲೆಕ್ಕವೊಂದನ್ನು ಗಣಕಯಂತ್ರದಲ್ಲಿ ಎರಡನೆಯ ಬಾರಿ ಮಾಡುವಾಗ 0.506127 ಎಂಬ ಸಂಖ್ಯೆಗೆ ಬದಲಾಗಿ 0.506 ಎಂದಷ್ಟೇ ಕೊಟ್ಟನು. ಎರಡು ಲೆಕ್ಕಗಳೂ ಮೊದಮೊದಲು ಜೊತೆಯಾಗಿ ಸಾಗಿದವು. ಬರಬರುತ್ತ ಸಂಬಂಧವೇ ಇಲ್ಲವೆಂಬಷ್ಟು ದೂರವಾದವು. ಆರಂಭದ ಅಳತೆಯಲ್ಲಿ ಉಳಿದ ಎಳ್ಳಷ್ಟು ದೋಷವೂ ದಿನಕಳೆದಂತೆ ಬೆಳೆಯುವುದೆಂದು ಇದರಿಂದ ತಿಳಿಯಿತು.

ಭಾರತದ ಮಳೆಗಾಲವೂ ಇದಕ್ಕೆ ಸಾಕ್ಷಿ. ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದನ್ನು ‘ಎಲ್ ನಿನೊ’ ಎನ್ನುವರು. ಅಂತಹ ವರ್ಷಗಳಲ್ಲಿ ನಮ್ಮಲ್ಲಿ ಅನೇಕವೇಳೆ ಮಳೆ ಕಡಿಮೆಯಾಗುತ್ತದೆ. 1997ರಲ್ಲಿ ಅದು ಅತ್ಯಂತ ಪ್ರಬಲವಾಗಿತ್ತು. ಆದರೂ ಮಳೆ ಕೊರತೆಯಾಗಲಿಲ್ಲ. 2002ರಲ್ಲಿ ವಾಡಿಕೆಯ ಮಳೆಯನ್ನು ಹವಾಮಾನ ಇಲಾಖೆಯು ನಿರೀಕ್ಷಿಸಿತ್ತು. ಜುಲೈ ತಿಂಗಳು ಒಣಗಿಹೋಯಿತು. ಆ ಋತುವಿನ ಮಳೆ ಸರಾಸರಿಗಿಂತ ಸುಮಾರು ಶೇಕಡ 19ರಷ್ಟು ಕಡಿಮೆಯಾಯಿತು. ಸಾಲ ತಂದು ಬಿತ್ತಿದ ರೈತನಿಗೆ ಈ ಅಂತರವೆಂದರೆ ಬರಿಯ ಅಂಕಿಯಲ್ಲ. ಮನೆಮಂದಿಯ ಒಂದು ವರ್ಷದ ಅನ್ನ.

ಹಾಗೆಂದು ಮುನ್ಸೂಚನೆ ವ್ಯರ್ಥವಲ್ಲ. ಕೆಲವು ದಿನಗಳ ಮಟ್ಟಿಗೆ ಅದು ಬಹಳ ನಂಬಿಕೆಗೆ ಅರ್ಹವಾದುದು. 2013ರಲ್ಲಿ ಫೈಲಿನ್ ಚಂಡಮಾರುತವು ಒಡಿಶಾದ ತೀರವನ್ನು ಮುಟ್ಟುವ ಮುನ್ನವೇ ಸೂಚನೆ ದೊರೆತುದರಿಂದ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ದೂರದ ಕಾಲವನ್ನು ಕುರಿತಾಗಿ ಮಾತ್ರ ‘ಹೀಗೆಯೇ ಆಗುವುದು’ ಎನ್ನದೆ ‘ಹೀಗಾಗುವ ಸಂಭವ ಹೆಚ್ಚು’ ಎನ್ನುವುದೇ ಪ್ರಾಮಾಣಿಕವಾದ ಮಾತು.

ಈ ವಿವೇಕ ನಮ್ಮ ರೈತರಿಗೆ ಹೊಸದಲ್ಲ. ರಾಗಿಯ ಹೊಲದಲ್ಲಿ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳನ್ನು ಅವರು ಹಿಂದಿನಿಂದಲೂ ಬಿತ್ತುತ್ತ ಬಂದಿದ್ದಾರೆ. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕೈಹಿಡಿಯುತ್ತದೆ. ನಾಳೆಯನ್ನು ಪೂರ್ತಿಯಾಗಿ ಅರಿಯಲಾರೆವು. ಆದರೆ ಬಗೆಬಗೆಯ ನಾಳೆಗಳಿಗೆ ಇಂದೇ ಸಿದ್ಧರಾಗಬಲ್ಲೆವು.