ನೀರ ಮೇಲಿನ ಲೋಲಕ

ನಾಗರಪಂಚಮಿಯ ದಿನ ಜೋಕಾಲಿ ಜೀಕುವವರನ್ನು ವಾಚಕರು ನೋಡಿಯೇ ಇರುತ್ತಾರೆ. ಬಲಶಾಲಿಯಾದ ತರುಣನೊಬ್ಬನು ಹೊತ್ತುಗೊತ್ತಿಲ್ಲದೆ ಮೈಯನ್ನೆಲ್ಲ ಹಿಂಡಿ ಜೀಕಿದರೂ ಜೋಕಾಲಿ ಮೇಲೇರದೆ ತಡವರಿಸುತ್ತದೆ. ಅದೇ ಜೋಕಾಲಿಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ತಕ್ಕ ಕ್ಷಣದಲ್ಲಿ ಮೊಣಕಾಲು ಬಗ್ಗಿಸಿ, ತಕ್ಕ ಕ್ಷಣದಲ್ಲಿ ನೆಟ್ಟಗೆ ನಿಂತು, ಆಯಾಸವಿಲ್ಲದೆ ಕೊಂಬೆಯ ಮಟ್ಟಕ್ಕೆ ಏರಿಬಿಡುತ್ತಾಳೆ. ಇದರ ಕಾರಣವೇನೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದುದೇ. ಬಲ ಎಷ್ಟು ಎನ್ನುವುದಕ್ಕಿಂತಲೂ ಅದನ್ನು ಎಲ್ಲಿ ಪ್ರಯೋಗಿಸಿದೆವೆಂಬುದು ಇಲ್ಲಿ ಮುಖ್ಯ.

ಈಗ ಆ ಜೋಕಾಲಿಯನ್ನು ನೀರಿನ ಮೇಲೆ ಮಟ್ಟಸವಾಗಿ ಮಲಗಿಸಿದಂತೆ ಊಹಿಸೋಣ. ಹಗ್ಗವನ್ನು ಕಟ್ಟಿದ ಕೊಂಬೆಗೆ ಬದಲಾಗಿ ಗಂಟೆಗೆ 58 ಕಿಲೋಮೀಟರು ವೇಗದಿಂದ ಓಡುವ ಮೋಟಾರು ದೋಣಿಯಿರಲಿ. ಕುಳಿತುಕೊಳ್ಳುವ ಮಣೆಗೆ ಬದಲಾಗಿ ಕಾಲಿಗೆ ಕಟ್ಟಿದ ಒಂದೇ ಒಂದು ಹಲಗೆಯಿರಲಿ. ಇದೇ ಜಲಸ್ಕೀ ಆಟದ ಸ್ಲಾಲಮ್ ಸ್ಪರ್ಧೆ. ಈ ಆಟದ ಅಗ್ರಗಣ್ಯರು ಒಬ್ಬರಿಗಿಂತ ಒಬ್ಬರು ಹೇಗೆ ಭಿನ್ನರು, ಅವರನ್ನು ಗೆಲ್ಲಿಸುವುದು ತೋಳ್ಬಲವೋ ಕಾಲಜ್ಞಾನವೋ ಎಂಬುದನ್ನು ಸರಳವಾದ ಲೆಕ್ಕಗಳ ಸಹಾಯದಿಂದ ಈ ಲೇಖನದಲ್ಲಿ ಪರಿಶೀಲಿಸೋಣ.

ಆಟದ ಹುಟ್ಟು ಮತ್ತು ಅಂಗಳ

1922ರ ಬೇಸಗೆಯಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟರ ತರುಣನು ಎರಡು ಪೈನ್ ಹಲಗೆಗಳ ಮೇಲೆ ನಿಂತು, ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದು ನೀರಿನ ಮೇಲೆ ಜಾರಲು ಹವಣಿಸಿದನು. ಹಲಗೆಗಳು ಮತ್ತೆ ಮತ್ತೆ ಮುಳುಗಿದುವು. ಕಡೆಗೆ ಹಿಂದಕ್ಕೆ ವಾಲಿ, ಹಲಗೆಗಳ ತುದಿಯನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದಾಗ ನೀರು ಅವನನ್ನು ಹೊತ್ತು ನಿಂತಿತು. ಓರೆಯಾದ ಹಲಗೆಯು ನೀರನ್ನು ಕೆಳಕ್ಕೆ ಒತ್ತಿದರೆ ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮವೇ ಈ ಆಟದ ತಳಹದಿ.

ಇಂದಿನ ಸ್ಲಾಲಮ್ ಅಂಗಳದ ಉದ್ದ 259 ಮೀಟರು. ದೋಣಿಯು ಅದರ ನಡುವೆ ನೇರವಾಗಿ ಸಾಗುತ್ತದೆ. ನಡುರೇಖೆಯಿಂದ 11.5 ಮೀಟರು ದೂರದಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಹೀಗೆ ಆರು ತೇಲುಚೆಂಡುಗಳಿವೆ. ಒಂದು ಚೆಂಡಿಗೂ ಮುಂದಿನದಕ್ಕೂ ಅಂಗಳದ ಉದ್ದದಲ್ಲಿ 41 ಮೀಟರು ಅಂತರ. ಆಟಗಾರನು ಪ್ರವೇಶದ್ವಾರವನ್ನು ಹಾದು, ಆರು ಚೆಂಡುಗಳನ್ನೂ ಹೊರಬದಿಯಿಂದ ಸುತ್ತಿ, ಕೊನೆಯ ದ್ವಾರದಿಂದ ಹೊರಬೀಳಬೇಕು. ಪುರುಷರಿಗೆ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರು, ಮಹಿಳೆಯರಿಗೆ 55. ಈ ವೇಗವನ್ನು ಮುಟ್ಟಿದ ಮೇಲೆ ದೋಣಿಯನ್ನು ಇನ್ನಷ್ಟು ಓಡಿಸುವುದಿಲ್ಲ. ಪ್ರತಿ ಯಶಸ್ವಿ ಓಟದ ತರುವಾಯ ಹಗ್ಗವನ್ನು ಗಿಡ್ಡಮಾಡುತ್ತಾರೆ. 18.25 ಮೀಟರಿನಿಂದ ಮೊದಲಾಗಿ 16, 14.25, 13, 12, 11.25, 10.75, 10.25, 9.75 ಎಂದು ಹಗ್ಗವು ಕುಗ್ಗುತ್ತ ಹೋಗುತ್ತದೆ.

ಇಲ್ಲಿ ಚತುರ ವಾಚಕರು ತಡೆದು ಕೇಳಬಹುದು: ಚೆಂಡು ಇರುವುದು 11.5 ಮೀಟರು ದೂರದಲ್ಲಿ, ಹಗ್ಗ 11.25 ಮೀಟರಿಗೆ ಇಳಿದ ಮೇಲೆ ಅದು ಚೆಂಡನ್ನು ಮುಟ್ಟುವುದೇ ಇಲ್ಲವಲ್ಲ? ನಿಜ. ಉಳಿದ ದೂರವನ್ನು ಆಟಗಾರನು ತನ್ನ ಶರೀರದಿಂದಲೇ ತುಂಬಬೇಕು. ಒಂದು ಕೈಯನ್ನು ಬಿಟ್ಟು, ಇನ್ನೊಂದು ತೋಳನ್ನು ಪೂರ್ತಿ ಚಾಚಿ, ಮೈಯನ್ನು ನೀರಿನತ್ತ ಮಲಗಿಸಿ, ಹಲಗೆಯನ್ನು ಚೆಂಡಿನಾಚೆಗೆ ಕಳುಹಿಸಬೇಕು.

ಹಗ್ಗ ಕುಗ್ಗಿದಾಗ ಆಗುವುದೇನು?

ತೋಳು ಮತ್ತು ಮೈಯ ಚಾಚಿನಿಂದ 2 ಮೀಟರು ದೊರೆಯುವುದೆಂದು ಇಟ್ಟುಕೊಳ್ಳೋಣ. ಆಗ ಹಗ್ಗದ ಹಿಡಿಯು ನಡುರೇಖೆಯಿಂದ 9.5 ಮೀಟರು ಹೊರಗಿರಬೇಕು. 18.25 ಮೀಟರಿನ ಹಗ್ಗವಾದರೆ ಅದು ನಡುರೇಖೆಯಿಂದ ಸುಮಾರು 31 ಡಿಗ್ರಿ ತಿರುಗಿದರೆ ಸಾಕು. ಹಿಡಿಯು ದೋಣಿಯ ಗೂಟಕ್ಕಿಂತ 15.6 ಮೀಟರು ಹಿಂದೆ ಇರುತ್ತದೆ. 9.75 ಮೀಟರಿನ ಹಗ್ಗವಾದರೋ 77 ಡಿಗ್ರಿ ತಿರುಗಬೇಕು; ಹಿಡಿಯು ಗೂಟಕ್ಕಿಂತ 2.2 ಮೀಟರು ಮಾತ್ರ ಹಿಂದಿರುತ್ತದೆ. ಆಟಗಾರನು ದೋಣಿಯ ಹಿಂದೆ ಇದ್ದಾನೆನ್ನುವುದಕ್ಕಿಂತ ಅದರ ಪಕ್ಕಕ್ಕೇ ಬಂದಿದ್ದಾನೆನ್ನುವುದು ಸರಿ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಾರದ ತುದಿಗೆ ಗುಂಡೊಂದನ್ನು ಕಟ್ಟಿ ಲೋಲಕವನ್ನು ಮಾಡಿಕೊಳ್ಳಿ. ದಾರದ ಉದ್ದ 100 ಸೆಂಟಿಮೀಟರು ಇರುವಾಗ ಗುಂಡನ್ನು ಪಕ್ಕಕ್ಕೆ 48 ಸೆಂಟಿಮೀಟರು ಸರಿಸಿದರೆ ಅದು ಮೇಲೇರುವುದು ಸುಮಾರು 12 ಸೆಂಟಿಮೀಟರು. ದಾರವನ್ನು 50 ಸೆಂಟಿಮೀಟರಿಗೆ ಇಳಿಸಿ ಅಷ್ಟೇ ಪಕ್ಕಕ್ಕೆ ಸರಿಸಿದರೆ ಏರಬೇಕಾದುದು 36 ಸೆಂಟಿಮೀಟರು. ಅಗಲ ಒಂದೇ, ಏರು ಮೂರರಷ್ಟು. ದೋಣಿಯಲ್ಲಿ ಕುಳಿತು ನೋಡುವವನಿಗೆ ಸ್ಲಾಲಮ್ ಆಟಗಾರನೂ ಇಂಥ ಲೋಲಕವೇ. ಗುಂಡನ್ನು ಗುರುತ್ವವು ಕೆಳಕ್ಕೆ ಸೆಳೆಯುವಂತೆ, ಆಟಗಾರನನ್ನು ನೀರಿನ ತಡೆಯು ಹಿಂದಕ್ಕೆ ಸೆಳೆಯುತ್ತಿರುತ್ತದೆ.

ದೋಣಿಯು ಸೆಕೆಂಡಿಗೆ 16.1 ಮೀಟರು ಸಾಗುವುದರಿಂದ ಒಂದು ಚೆಂಡಿನಿಂದ ಇನ್ನೊಂದಕ್ಕೆ ದೊರೆಯುವ ಕಾಲ ಸುಮಾರು ಎರಡೂವರೆ ಸೆಕೆಂಡು. ಇಡೀ ಅಂಗಳಕ್ಕೆ 16 ಸೆಕೆಂಡು. ಹಗ್ಗ ಕುಗ್ಗಿದರೂ ಈ ಕಾಲ ಬದಲಾಗುವುದಿಲ್ಲ. ಶಾಲೆಯ ಲೋಲಕದ ಸರಳ ನಿಯಮವನ್ನು ಅನ್ವಯಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ, ನಡುರೇಖೆಯನ್ನು ದಾಟುವಾಗ ಆಟಗಾರನ ಅಡ್ಡವೇಗವು ಉದ್ದ ಹಗ್ಗದಲ್ಲಿ ಸೆಕೆಂಡಿಗೆ 12.3 ಮೀಟರು, 9.75 ಮೀಟರಿನ ಹಗ್ಗದಲ್ಲಿ 16.2 ಮೀಟರು. ದೋಣಿಯ ವೇಗವನ್ನೂ ಕೂಡಿಸಿಕೊಂಡರೆ ಅವನ ಒಟ್ಟು ವೇಗ ಗಂಟೆಗೆ 73 ಕಿಲೋಮೀಟರಿನಿಂದ 82ಕ್ಕೆ ಏರುತ್ತದೆ. ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಅಭಿಕೇಂದ್ರ ಬಲವು ಅಡ್ಡವೇಗದ ವರ್ಗಕ್ಕೆ ಅನುಪಾತವಾಗಿಯೂ ಹಗ್ಗದ ಉದ್ದಕ್ಕೆ ವಿಲೋಮವಾಗಿಯೂ ಇರುವುದರಿಂದ, 75 ಕಿಲೋಗ್ರಾಮಿನ ಆಟಗಾರನ ಮೇಲೆ ಉದ್ದ ಹಗ್ಗದಲ್ಲಿ ಸುಮಾರು 63 ಕಿಲೋಗ್ರಾಮ್ ತೂಕದಷ್ಟಿದ್ದ ಎಳೆತವು ಗಿಡ್ಡ ಹಗ್ಗದಲ್ಲಿ 200 ಕಿಲೋಗ್ರಾಮನ್ನು ಮೀರುತ್ತದೆ. ನೀರಿನ ತಡೆಯನ್ನು ನಾವು ಇದರಲ್ಲಿ ಸೇರಿಸಿಲ್ಲ. ಇಂಥ ಎಳೆತದ ಎದುರಿನಲ್ಲಿ ಬೀಳದಿರಬೇಕಾದರೆ ಅವನು ಲಂಬರೇಖೆಯಿಂದ ಸುಮಾರು 70 ಡಿಗ್ರಿಯಷ್ಟು ವಾಲಬೇಕು, ಎಂದರೆ ನೀರಿನ ಮೇಲೆ ಬಹುಮಟ್ಟಿಗೆ ಮಲಗಿಯೇ ಬಿಡಬೇಕು.

ಎಳೆಯಬೇಕಾದುದು ಎಲ್ಲಿ?

ಈ ಅಂಕೆಗಳನ್ನು ನೋಡಿದಾಗ, ಹೆಚ್ಚು ಬಲವುಳ್ಳವನೇ ಗೆಲ್ಲುವನೆಂದು ನಮಗೂ ಮೊದಲು ತೋರಿತು. ಆದರೆ ಹಗ್ಗದ ಎಳೆತವನ್ನು ಘಟಕಗಳಾಗಿ ಬಿಡಿಸಿ ನೋಡಿದಾಗ ಆ ಅಭಿಪ್ರಾಯ ನಿಲ್ಲಲಿಲ್ಲ.

ಹಗ್ಗವು ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ ಎಳೆಯಬಲ್ಲದು. ಚೆಂಡನ್ನು ಸುತ್ತಿದೊಡನೆ, ಹಗ್ಗ 77 ಡಿಗ್ರಿಯಲ್ಲಿರುವಾಗ, ಎಳೆತದ ನೂರರಲ್ಲಿ 97 ಪಾಲು ಆಟಗಾರನನ್ನು ಅಡ್ಡಕ್ಕೆ, ನಡುರೇಖೆಯ ಕಡೆಗೆ ಒಯ್ಯುತ್ತದೆ. ಅವನು ನಡುರೇಖೆಗೆ ಸಮೀಪಿಸಿದಂತೆ ಈ ಪಾಲು ಕುಗ್ಗುತ್ತ, ದೋಣಿಯ ನೇರ ಹಿಂದೆ ಬಂದಾಗ ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದೆ ಹಗ್ಗವು ಅಡ್ಡವೇಗವನ್ನು ತಗ್ಗಿಸುವುದೇ ಹೊರತು ಹೆಚ್ಚಿಸುವುದಿಲ್ಲ. ನೀರನ್ನು ಓರೆಯಾಗಿ ಒತ್ತುವ ಹಲಗೆಯ ಅಂಚಿನಿಂದ ನಡುರೇಖೆಯ ಬಳಿಯಲ್ಲಿಯೂ ಸ್ವಲ್ಪ ಅಡ್ಡಬಲ ದೊರೆಯುವುದು ನಿಜ. ಆದರೂ ವೇಗವನ್ನು ಸಂಪಾದಿಸುವ ನಿಜವಾದ ಸ್ಥಳ ನಡುರೇಖೆಗೆ ಮುಂಚೆಯೇ ಹೊರತು ಅನಂತರವಲ್ಲ.

ತಪ್ಪಾದ ಸ್ಥಳದಲ್ಲಿ ಎಳೆದವನಿಗೆ ದೊರೆಯುವ ಶಿಕ್ಷೆ ಹಗ್ಗದ ಸಡಿಲು. 9.75 ಮೀಟರಿನ ಹಗ್ಗದಲ್ಲಿ ಚೆಂಡಿನ ಬಳಿ ದೋಣಿಗಿಂತ 2.2 ಮೀಟರು ಹಿಂದಿದ್ದವನು ನಡುರೇಖೆಗೆ ಬರುವಷ್ಟರಲ್ಲಿ 9.75 ಮೀಟರು ಹಿಂದಾಗಬೇಕು. ಎಂದರೆ ಒಂದೂಕಾಲು ಸೆಕೆಂಡಿನಲ್ಲಿ ಏಳೂವರೆ ಮೀಟರು ಹಿಂದೆ ಬೀಳಬೇಕು. ಅವನ ಮುನ್ನಡೆಯು ದೋಣಿಯ ವೇಗಕ್ಕಿಂತ ಸರಾಸರಿ ಸೆಕೆಂಡಿಗೆ 6 ಮೀಟರು ಕಡಿಮೆಯಿರಬೇಕು. ನಡುರೇಖೆಯನ್ನು ದಾಟಿದ ಮೇಲೂ ಹಲಗೆಯ ಅಂಚನ್ನು ಬಿಡದೆ ಒತ್ತಿದವನು ಚೆಂಡಿನ ಬಳಿಗೆ ಮಿತಿಮೀರಿದ ವೇಗದಿಂದ ಬರುತ್ತಾನೆ, ಹಿಂದೆ ಬೀಳಬೇಕಾದವನು ಮುಂದೆಯೇ ಉಳಿಯುತ್ತಾನೆ, ಹಗ್ಗ ಜೋತುಬೀಳುತ್ತದೆ. ಅಷ್ಟರಲ್ಲಿ ದೋಣಿ ಮುಂದೆ ಸಾಗಿ ಹಗ್ಗವನ್ನು ಒಮ್ಮೆಲೇ ಬಿಗಿಯುತ್ತದೆ. ಆ ಜಗ್ಗಿಗೆ ಹಿಡಿಯು ಕೈತಪ್ಪುವುದೂ ಉಂಟು, ಆಟಗಾರನು ಮುಗ್ಗರಿಸುವುದೂ ಉಂಟು.

ಇಂದಿನ ದೋಣಿಗಳ ಎಂಜಿನ್ನು ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸಿದೆ. ವೇಗವನ್ನು ಉಪಗ್ರಹಗಳ ಸಂಕೇತದಿಂದ ಅಳೆದು ಹಿಡಿದಿಡುವ ಯಂತ್ರವ್ಯವಸ್ಥೆ ಅವುಗಳಲ್ಲಿದೆ. ಆಟಗಾರನು ಜಗ್ಗಿದಾಗ ದೋಣಿ ಕೊಂಚ ತಗ್ಗುತ್ತದೆ, ಎಂಜಿನ್ನು ಅದನ್ನು ತುಂಬಿಕೊಡುತ್ತದೆ. ತಡವಾಗಿ ಜಗ್ಗಿದವನಿಗೆ ಆ ತುಂಬಿಕೆಯೂ ತಡವಾಗಿ, ಬೇಡದ ಹೊತ್ತಿನಲ್ಲಿ ಬಂದೊದಗುತ್ತದೆ.

ಮೂವರು ಆಟಗಾರರು

ಈ ಹಿನ್ನೆಲೆಯಲ್ಲಿ ಅಗ್ರಗಣ್ಯರ ಶೈಲಿಗಳನ್ನು ಹೋಲಿಸೋಣ. ಬ್ರಿಟನ್ನಿನ ಆಂಡಿ ಮ್ಯಾಪಲ್ 1981 ಮತ್ತು 1989ರಲ್ಲಿ ಸ್ಲಾಲಮ್ಮಿನ ವಿಶ್ವವಿಜೇತರಾದರು, 2015ರಲ್ಲಿ ತೀರಿಕೊಂಡರು. ಅವರ ಆಟದಲ್ಲಿ ಆಯಾಸದ ಸುಳಿವೇ ಕಾಣುತ್ತಿರಲಿಲ್ಲವೆಂದು ನೋಡಿದವರ ಒಮ್ಮತ. ಲೋಲಕದ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಎಳೆತವು ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತಿತ್ತು, ಜಗ್ಗು ಇರಲಿಲ್ಲ.

ಅಮೆರಿಕದ ಕ್ರಿಸ್ ಪ್ಯಾರಿಷ್ ಎತ್ತರದ ಆಳು. 2010ರಲ್ಲಿ ಅವರು 9.75 ಮೀಟರಿನ ಹಗ್ಗದಲ್ಲಿ ಎರಡು ಚೆಂಡುಗಳನ್ನು ಸುತ್ತಿ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಎತ್ತರದ ಲಾಭವನ್ನು ಲೆಕ್ಕದಿಂದಲೇ ತಿಳಿಯಬಹುದು. ಒಬ್ಬನ ಚಾಚು 1.9 ಮೀಟರು, ಇನ್ನೊಬ್ಬನದು 2.1 ಮೀಟರು ಎಂದಿರಲಿ. 18.25 ಮೀಟರಿನ ಹಗ್ಗದಲ್ಲಿ ಇಬ್ಬರ ಕೋನಗಳಿಗೂ ಇರುವ ಅಂತರ ಒಂದು ಡಿಗ್ರಿಗಿಂತ ಕಡಿಮೆ. 9.75 ಮೀಟರಿನಲ್ಲಾದರೋ ಮೊದಲನೆಯವನ ಹಗ್ಗ 80 ಡಿಗ್ರಿ ತಿರುಗಬೇಕು, ಎರಡನೆಯವನದು 75 ಡಿಗ್ರಿಗೂ ಕಡಿಮೆ. ಒಂದು ಗೇಣಿನಷ್ಟು ಹೆಚ್ಚಿನ ಚಾಚು ಐದು ಡಿಗ್ರಿಗಳನ್ನು ಉಳಿಸಿಕೊಡುತ್ತದೆ. ಉದ್ದವಾದ ದೇಹವನ್ನು ದೋಣಿಗೆ ಎದುರಾಗಿ ಆಳವಾಗಿ ವಾಲಿಸುವುದೇ ಪ್ಯಾರಿಷ್ ಅವರ ಶೈಲಿಯ ಮುಖ್ಯ ಲಕ್ಷಣ.

ಹಾಗಾದರೆ ಎತ್ತರದವರೇ ಎಂದೆಂದಿಗೂ ಗೆಲ್ಲಬೇಕಾಗಿತ್ತು. ಆದರೆ 2013ರಲ್ಲಿ ಅದೇ ಹಗ್ಗದಲ್ಲಿ ಎರಡೂವರೆ ಚೆಂಡುಗಳ ಅಂಕ ಪಡೆದು ಪ್ಯಾರಿಷ್ ಅವರ ದಾಖಲೆಯನ್ನು ಮುರಿದವರು ಅವರಷ್ಟು ಎತ್ತರವಿಲ್ಲದ ನೇಟ್ ಸ್ಮಿತ್. ಇವರ ವೈಶಿಷ್ಟ್ಯವೆಂದರೆ ಅವಸರವಿಲ್ಲದಿರುವುದು. ನಡುರೇಖೆಗೆ ಮುಂಚೆಯೇ ಎಳೆತವನ್ನು ಮುಗಿಸಿಕೊಂಡು, ಹಲಗೆಯ ಅಂಚನ್ನು ಬದಲಿಸಿದ ಮೇಲೂ ಎರಡು ಕೈಗಳಿಂದ ಹಿಡಿಯನ್ನು ಮೈಗೆ ಹತ್ತಿರವಾಗಿ ಹಿಡಿದಿರುತ್ತಾರೆ. ಇದರಿಂದ ಹಗ್ಗವು ಬಿಗಿಯಾಗಿಯೇ ಉಳಿದು, ದೋಣಿಯು ಅವರನ್ನು ಹೊರಕ್ಕೂ ಮುಂದಕ್ಕೂ ವೃತ್ತದ ಕಂಸದ ಮೇಲೆ ತೂಗಿ ಒಯ್ಯುತ್ತದೆ. ಮೊದಲೇ ಕೈಚಾಚಿದವನು ಆ ಕಂಸದಿಂದ ಒಳಕ್ಕೆ ಜಾರುತ್ತಾನೆ. ಹೀಗೆ ಒಬ್ಬರು ಚಾಚಿನಿಂದ ಪಡೆದ ಡಿಗ್ರಿಗಳನ್ನು ಇನ್ನೊಬ್ಬರು ತೂಗಿನಿಂದ ಪಡೆಯುತ್ತಾರೆ.

ಇದೇ ಮಾತಿಗೆ ಮಹಿಳೆಯರ ಸ್ಪರ್ಧೆಯೂ ಸಾಕ್ಷಿ. ಅಮೆರಿಕದ ರೆಜೀನಾ ಜಾಕ್ವೆಸ್ 10.25 ಮೀಟರಿನ ಹಗ್ಗದಲ್ಲಿ ವಿಶ್ವದಾಖಲೆಗಳನ್ನು ಸ್ಥಾಪಿಸಿದವರು. ವೇಗವು 58ರಿಂದ 55ಕ್ಕೆ ಇಳಿದರೆ ಬಲವು ವೇಗದ ವರ್ಗದಂತೆ ನೂರಕ್ಕೆ ಹತ್ತರಷ್ಟು ತಗ್ಗುತ್ತದೆ. ಆದರೆ ಹಗ್ಗ ತಿರುಗಬೇಕಾದ ಕೋನದಲ್ಲಿ ಎಳ್ಳಷ್ಟೂ ರಿಯಾಯಿತಿಯಿಲ್ಲ. ಆ ಕೋನವನ್ನು ತೋಳ್ಬಲವೊಂದರಿಂದಲೇ ಗಳಿಸಲಾಗದು.

ಆದುದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಹೀಗಿದೆ. ಬಲವು ಬೇಕೇ ಬೇಕು. 200 ಕಿಲೋಗ್ರಾಮಿನ ಎಳೆತವನ್ನು ತಾಳಲಾರದವನು ಈ ಅಂಗಳಕ್ಕೆ ಇಳಿಯುವಂತಿಲ್ಲ. ಆದರೆ ತಾಳಬಲ್ಲವರು ಹಲವರು. ಅವರಲ್ಲಿ ಒಬ್ಬನನ್ನು ಎರಡನೆಯ ಚೆಂಡಿನಲ್ಲಿ ನಿಲ್ಲಿಸಿ ಇನ್ನೊಬ್ಬನನ್ನು ಮೂರನೆಯದಕ್ಕೆ ಕಳುಹಿಸುವುದು ಸೆಕೆಂಡಿನ ಹತ್ತನೆಯ ಒಂದು ಭಾಗ. ಅಷ್ಟರಲ್ಲಿ ದೋಣಿ 1.6 ಮೀಟರು ಮುಂದೆ ಹೋಗಿರುತ್ತದೆ. ಮೊದಲ ದ್ವಾರದಲ್ಲಿ ಆದ ಇಷ್ಟು ತಡವು ಚೆಂಡಿನಿಂದ ಚೆಂಡಿಗೆ ಬಡ್ಡಿ ಬೆಳೆದಂತೆ ಬೆಳೆಯುತ್ತದೆ.

ಮುಂದಿನ ಪಂಚಮಿಯಲ್ಲಿ ಜೋಕಾಲಿ ಏರಿದಾಗ ವಾಚಕರು ಇದನ್ನು ಪರೀಕ್ಷಿಸಿ ನೋಡಬಹುದು. ಒಮ್ಮೆ ಬೇಕಾದಾಗಲೆಲ್ಲ ಮೈಮುರಿದು ಜೀಕಿ. ಇನ್ನೊಮ್ಮೆ ಜೋಕಾಲಿ ತಳಕ್ಕೆ ಬರುವ ಕ್ಷಣವನ್ನೇ ಕಾಯ್ದು ಎದ್ದುನಿಲ್ಲಿ. ಹಗ್ಗವೇ ಉತ್ತರ ಹೇಳುತ್ತದೆ.