ಪ್ರತಿಯು ಮೂಲದಂತಿದೆಯೆ?

ವಾಚಕರೇ, ಓಲೆಯ ಗ್ರಂಥವನ್ನು ನಕಲು ಮಾಡುವ ಲಿಪಿಕಾರನು ತೂಕಡಿಸಿ ಒಂದಕ್ಷರವನ್ನು ಬಿಟ್ಟನೆನ್ನಿ. ಅದನ್ನು ಕಂಡುಹಿಡಿಯುವುದು ಹೇಗೆ? ಕಂದಪದ್ಯವಾದರೆ ಮಾತ್ರೆಗಳನ್ನು ಎಣಿಸಿದರಾಯಿತು. ನಾಲ್ಕು ಪಾದಗಳಲ್ಲಿ 12, 20, 12, 20 ಎಂದು ಒಟ್ಟು 64 ಮಾತ್ರೆಗಳಿರಬೇಕು. 63 ಬಂದರೆ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ. ಇಂಥದೇ ಲೆಕ್ಕವೊಂದು ಇಂದಿನ ಗಣಕಯಂತ್ರಗಳಲ್ಲಿಯೂ ನಡೆಯುತ್ತದೆ.

ಬ್ಯಾಂಕು, ಆಸ್ಪತ್ರೆ, ಶಾಲೆಗಳಲ್ಲಿ ಹಲವರಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರ ತಂತ್ರಾಂಶಗಳು ‘ಪ್ಯಾಕೇಜ್’ ಎಂಬ ಕಟ್ಟುಗಳಾಗಿ ಬರುತ್ತವೆ. ಲಿನಕ್ಸ್ ಪಂಗಡದ ರೆಡ್‌ಹ್ಯಾಟ್, ಫೆಡೋರಾಗಳಲ್ಲಿ ಕಟ್ಟನ್ನು ಬಿಚ್ಚಿ ಸ್ಥಾಪಿಸುವಾಗಲೇ ಪ್ರತಿಯೊಂದು ಫೈಲಿನ ಗಾತ್ರ, ಒಡೆತನ, ಅನುಮತಿ, ತಿದ್ದಿದ ಕಾಲ ಇವೆಲ್ಲ ಒಂದು ದಫ್ತರದಲ್ಲಿ ದಾಖಲಾಗುತ್ತವೆ. ಜೊತೆಗೆ, ಫೈಲಿನ ಒಳಗಿರುವುದನ್ನೆಲ್ಲ ಗಣಿತದಿಂದ ಅರೆದು ತೆಗೆದ ಸಾರಾಂಕವೂ ಇರುತ್ತದೆ. ಶಾ-256 ಎಂಬ ಕ್ರಮದಲ್ಲಿ ಬರೆದ ಈ ಸಾರಾಂಕವು, ಫೈಲು ಚಿಕ್ಕದಿರಲಿ ದೊಡ್ಡದಿರಲಿ, 64 ಚಿಹ್ನೆಗಳಷ್ಟೇ. ಕಂದದ ಮಾತ್ರೆಗಳೂ 64 ಎಂಬುದು ಕಾಕತಾಳೀಯ. ನೆನಪಿಗೆ ಮಾತ್ರ ಅನುಕೂಲ! ‘ಮರ’ ಎಂಬಲ್ಲಿ ‘ಗಿಡ’ ಎಂದು ಬರೆದರೆ ಮಾತ್ರೆಯ ಲೆಕ್ಕ ಕೆಡುವುದಿಲ್ಲ. ಸಾರಾಂಕವಾದರೋ ಒಂದಕ್ಷರ ಬದಲಾದರೂ ಗುರುತು ಸಿಗದಷ್ಟು ಮಾರ್ಪಡುತ್ತದೆ.

‘ಆರ್‌ಪಿಎಂ’ ಎಂಬ ಆಜ್ಞೆಗೆ ದೊಡ್ಡ ‘ವಿ’ ಅಕ್ಷರವನ್ನು ಸೇರಿಸಿ ಕೊಟ್ಟರೆ ಯಂತ್ರವು ಇಂದಿನ ಫೈಲನ್ನು ದಫ್ತರದೊಡನೆ ಹೋಲಿಸುತ್ತದೆ. ಎಲ್ಲ ಸರಿಯಿದ್ದರೆ ಮೌನ. ವ್ಯತ್ಯಾಸವಿದ್ದರೆ ಒಂಬತ್ತು ಸ್ಥಾನಗಳ ಸಾಲೊಂದು ಮೂಡುತ್ತದೆ: ಗಾತ್ರ ಬೇರೆಯಾದರೆ ‘ಎಸ್’, ಸಾರಾಂಕ ಬೇರೆಯಾದರೆ ‘5’, ಕಾಲ ಬೇರೆಯಾದರೆ ‘ಟಿ’, ಸರಿಯಿರುವಲ್ಲಿ ಚುಕ್ಕೆ. ಪಕ್ಕದಲ್ಲಿ ಸಣ್ಣ ‘ಸಿ’ ಇದ್ದರೆ ಅದು ಯಂತ್ರದ ಮೇಲ್ವಿಚಾರಕರು ತಮ್ಮ ಅನುಕೂಲಕ್ಕೆ ತಿದ್ದಿಕೊಳ್ಳುವ ಫೈಲು. ಅಲ್ಲಿ ವ್ಯತ್ಯಾಸ ಕಂಡರೆ ಒಡನೆಯೇ ಗಾಬರಿಪಡಬೇಕಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ‘ಡೆಬ್‌ಸಮ್ಸ್’ ಎಂಬ ಸಾಧನವು ಸಾರಾಂಕಗಳನ್ನು ಹೀಗೆಯೇ ಹೋಲಿಸುತ್ತದೆ.

ಇದರಿಂದ ನನಗೇ ಒಂದು ಪಾಠವಾಯಿತು. ಒಮ್ಮೆ ನಮ್ಮ ಶಾಲೆಯಲ್ಲಿ ಅಂಕಪಟ್ಟಿಯ ಮುದ್ರಣವು ನಡುನಡುವೆ ನಿಲ್ಲತೊಡಗಿತು. ಪ್ರಯೋಗಾಲಯದ ತರುಣ ಸಹಾಯಕನೇ ಏನೋ ಕೈಯಾಡಿಸಿರಬೇಕೆಂದು ಎಲ್ಲರೂ ದೂರಿದರು, ನಾನೂ ದೂರಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ಪರೀಕ್ಷಿಸಿದಾಗ ಒಂದು ಫೈಲಿನ ಮುಂದೆ ‘5’ ಮಾತ್ರ ಕಂಡಿತು. “ಮೇಷ್ಟ್ರೇ, ಗಾತ್ರ, ಕಾಲ ಎರಡೂ ಹಾಗೆಯೇ ಇವೆ, ಒಳಗಿನದು ಮಾತ್ರ ಕೆಟ್ಟಿದೆ. ಯಾರನ್ನಾದರೂ ದೂರುವ ಮುಂಚೆ ಡಿಸ್ಕನ್ನು ನೋಡೋಣ” ಎಂದನು. ನೋಡಿದರೆ ಡಿಸ್ಕೇ ಹಾಳಾಗುತ್ತಿತ್ತು. ಅದನ್ನು ಬದಲಾಯಿಸಿ ಪ್ಯಾಕೇಜನ್ನು ಮತ್ತೆ ಸ್ಥಾಪಿಸಿದ ಮೇಲೆ ಮುದ್ರಣವು ಸರಾಗವಾಯಿತು. ಆ ತರುಣನ ಕ್ಷಮೆಯನ್ನು ಎಲ್ಲರೆದುರಿಗೇ ಕೇಳಿದೆ.

ಆದರೆ ಈ ಪರೀಕ್ಷೆಗೂ ಮಿತಿಯುಂಟು. ಯಂತ್ರದ ಪೂರ್ಣಾಧಿಕಾರವನ್ನು ಕಸಿದುಕೊಂಡ ಕಳ್ಳನು ಫೈಲಿನೊಡನೆ ದಫ್ತರವನ್ನೂ ತಿದ್ದಬಲ್ಲನು. ಆದುದರಿಂದ ಸಂಶಯ ಬಲವಾದಾಗ, ಯಂತ್ರವನ್ನು ಬೇರೊಂದು ಶುದ್ಧ ಸಾಧನದಿಂದ ಚಾಲೂ ಮಾಡಿ, ತಯಾರಕರ ಸಹಿಯುಳ್ಳ ಹೊಸ ಪ್ಯಾಕೇಜನ್ನು ತರಿಸಿ ಅದರೊಡನೆ ಹೋಲಿಸಬೇಕು.

ಇನ್ನೊಂದು ಮಿತಿ ಇದಕ್ಕಿಂತ ಸೂಕ್ಷ್ಮ. 2024ರ ಮಾರ್ಚಿಯಲ್ಲಿ ‘ಎಕ್ಸ್‌ಝಡ್’ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತದ್ವಾರವಿರುವುದು ಬಯಲಾಯಿತು. ವಿಷವನ್ನು ಬೆರೆಸಿದ್ದು ಮೂಲದಲ್ಲಿಯೇ; ಸಾರಾಂಕವನ್ನು ಹೋಲಿಸಿದ್ದರೆ ಎಲ್ಲವೂ ಸರಿಯೆಂದೇ ಉತ್ತರ ಬರುತ್ತಿತ್ತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚಾಗುತ್ತಿರುವುದೇಕೆಂದು ಕೆದಕಿ ನೋಡಿ ಅದನ್ನು ಹೊರಗೆಳೆದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು.

ಪ್ರತಿಯು ಮೂಲದಂತಿದೆಯೆ ಎಂಬುದನ್ನು ಸಾರಾಂಕವು ಹೇಳೀತು. ಮೂಲವು ಒಳ್ಳೆಯದೆ ಎಂಬುದನ್ನು ಮನುಷ್ಯನೇ ನೋಡಬೇಕು. ಗ್ರಂಥಸಂಪಾದನೆ ಮಾಡುವವರು ಬಹುಕಾಲದಿಂದ ಬಲ್ಲ ಮಾತಲ್ಲವೆ ಇದು?