ಸಂಗ್ರಹವೂ ದಾಸೋಹವೂ

ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲ. ಹೀಗಿರುವಾಗ ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸವನ್ನು ನಾವು ಹೇಗೆ ಕಾಣಬೇಕು? ಅಮೆರಿಕೆಯ ಪುರಾತನ ಫೋನೋಗ್ರಾಫ್ ಯಂತ್ರಗಳನ್ನೂ ‘ರ್‍ಯಾಗ್‌ಟೈಮ್’ ಎಂಬ ಸಂಗೀತದ ಮೊದಲ ಧ್ವನಿಮುದ್ರಿಕೆಗಳನ್ನೂ ಕಾಪಾಡಿದವರ ವೃತ್ತಾಂತವು ಈ ಪ್ರಶ್ನೆಗೆ ಉತ್ತರ ನೀಡಬಲ್ಲದು.

1877ರಲ್ಲಿ ಥಾಮಸ್ ಎಡಿಸನ್ನರು ತವರದ ತೆಳುಹಾಳೆಯ ಮೇಲೆ ಧ್ವನಿಯನ್ನು ಅಚ್ಚೊತ್ತಿ ಮರಳಿ ನುಡಿಸಿದರು. ಅನಂತರ ಮೇಣದ ಉರುಳೆಗಳು ಬಂದವು. ಕಹಳೆಯಾಕಾರದ ಕೊಳವೆಯ ಮುಂದೆ ಹಾಡಿದಾಗ ಒಳಗಿನ ಪೊರೆ ಕಂಪಿಸಿ, ಅದರ ಮೊನೆಯು ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಸುಮಾರು ಎರಡು ನಿಮಿಷಕ್ಕೆ ಉರುಳೆ ಮುಗಿಯುತ್ತಿತ್ತು. ಎಮಿಲ್ ಬರ್ಲಿನರರು 1887ರಲ್ಲಿ ರೂಪಿಸಿದ ಗ್ರಾಮಫೋನು ಚಪ್ಪಟೆ ತಟ್ಟೆಗೆ ದಾರಿ ತೆರೆಯಿತು.

ಅದೇ ಕಾಲದಲ್ಲಿ ಅಲ್ಲಿನ ಕಪ್ಪು ಜನಾಂಗದ ಕಲಾವಿದರು ರ್‍ಯಾಗ್‌ಟೈಮನ್ನು ಬೆಳೆಸಿದರು. ಪಿಯಾನೋದ ಮೇಲೆ ಎಡಗೈ ತಾಳ ತಪ್ಪದೆ ನಡೆದರೆ, ಬಲಗೈಯ ಸ್ವರಗಳು ತಾಳದ ಪೆಟ್ಟನ್ನು ತಪ್ಪಿಸಿ ಆಡುತ್ತವೆ. ಸ್ಕಾಟ್ ಜಾಪ್ಲಿನ್ನರ ‘ಮೇಪಲ್ ಲೀಫ್ ರ್‍ಯಾಗ್’ 1899ರಲ್ಲಿ ಅಚ್ಚಾಗಿ ಮನೆಮಾತಾಯಿತು. ಆದರೆ 1917ರಲ್ಲಿ ತೀರಿಕೊಂಡ ಆ ಮಹನೀಯರ ವಾದನದ ಒಂದು ಧ್ವನಿಮುದ್ರಿಕೆಯೂ ನಮಗೆ ಉಳಿದಿಲ್ಲ. ಉಳಿದಿರುವುದು ಪಿಯಾನೋವನ್ನು ತಾನಾಗಿ ನುಡಿಸುವ, ರಂಧ್ರ ಕೊರೆದ ಕೆಲವು ಕಾಗದದ ಸುರುಳಿಗಳು ಮಾತ್ರ. ಅಂದಿನ ಕೊಳವೆಗೆ ಪಿಯಾನೋದ ನಾದ ಚೆನ್ನಾಗಿ ಹಿಡಿಯದ ಕಾರಣ, ಬ್ಯಾಂಜೋ ಎಂಬ ತಂತಿವಾದ್ಯ ಮತ್ತು ಬ್ಯಾಂಡುಗಳೇ ಹೆಚ್ಚಾಗಿ ಮುದ್ರಣಗೊಂಡವು.

ಆ ತಟ್ಟೆಗಳಿಗೂ ಕುತ್ತು ಬಂದಿತು. ಅವುಗಳ ಮುಖ್ಯ ದ್ರವ್ಯವಾದ ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ಭಾರತದಿಂದಲೇ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರಕ್ಕೆ ಅಡ್ಡಿಯಾಗಲು, 1942ರಲ್ಲಿ ಅಮೆರಿಕ ಸರ್ಕಾರವು ಅರಗಿನ ಬಳಕೆಯನ್ನು ಕಡಿತಗೊಳಿಸಿತು. ಕಂಪನಿಗಳು ಹಳೆಯ ತಟ್ಟೆಗಳನ್ನು ಜನರಿಂದ ಪಡೆದು, ಪುಡಿಮಾಡಿ ಹೊಸದಕ್ಕೆ ಬಳಸಿದವು. ಹೀಗೆ ಎಷ್ಟೋ ನಾದ ಮಣ್ಣುಪಾಲಾಯಿತು.

ಅಳಿದುಳಿದುದನ್ನು ಹಳೆಯ ಅಂಗಡಿ, ಅಟ್ಟಗಳಿಂದ ಹುಡುಕಿ ತಂದವರು ಬಹುಮಟ್ಟಿಗೆ ಹವ್ಯಾಸಿಗಳು. ಕೇವಲ ಬೀರುವಿನಲ್ಲಿಟ್ಟು ಬೀಗಿದ್ದರೆ ಅದು ಪರಿಗ್ರಹವೇ ಆಗುತ್ತಿತ್ತು. ಆದರೆ ಅನೇಕರು ತಮ್ಮ ಸಂಗ್ರಹವನ್ನು ಗ್ರಂಥಾಲಯಗಳಿಗೆ ಒಪ್ಪಿಸಿದರು. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಹತ್ತು ಸಾವಿರಕ್ಕೂ ಮಿಕ್ಕಿದ ಉರುಳೆಗಳ ನಾದವನ್ನು ಗಣಕಕ್ಕೆ ಇಳಿಸಿ, ಯಾರು ಬೇಕಾದರೂ ಉಚಿತವಾಗಿ ಆಲಿಸುವಂತೆ ಮಾಡಿದೆ. ಇದನ್ನು ನಾವು ನಾದದ ದಾಸೋಹವೆನ್ನದೆ ಮತ್ತೇನೆನ್ನೋಣ?

ನಮ್ಮ ಮನೆಗಳ ಅಟ್ಟದಲ್ಲಿಯೂ ಅರಗಿನ ತಟ್ಟೆಗಳು ಇರಬಹುದು. ಮಲ್ಲಿಕಾರ್ಜುನ ಮನ್ಸೂರರ ಯೌವನದ ಕಂಠ ಮುದ್ರಣಗೊಂಡುದು ಇಂಥವುಗಳಲ್ಲಿಯೇ. ಅವುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು, ಬಿಸಿಲಿಗೆ ಒಡ್ಡಬಾರದು, ಸ್ಪಿರಿಟಿನಿಂದ ಒರೆಸಿದರೆ ಅರಗು ಕರಗುತ್ತದೆ. ಉಕ್ಕಿನ ಸೂಜಿಯನ್ನು ಪ್ರತಿ ಬಾರಿ ನುಡಿಸುವಾಗಲೂ ಬದಲಿಸಬೇಕು. ಗುಜರಿಗೆ ಹಾಕುವ ಮೊದಲು ಬಲ್ಲವರಿಗೆ ತೋರಿಸಿರಿ. ಉಳಿಸಿಕೊಂಡರೆ ನಾಲ್ವರಿಗೆ ಕೇಳಿಸಿರಿ. ಹಂಚಿದಾಗಲೇ ಸಂಗ್ರಹಕ್ಕೆ ಸಾರ್ಥಕ್ಯ.